ತಂಪು ಊರಿನ ನರ್ಸರಿ ಗಿಡಗಳು: ಚಿಕ್ಕಮಗಳೂರು, ಹಾಸನದಲ್ಲಿ ಯಾವುದನ್ನು ಕೊಳ್ಳಬಹುದು, ಯಾವುದು ಬೇಡ

"ನಮ್ದು ತಂಪು ಊರು ಸಾರ್, ಇಲ್ಲಿ ಏನು ನೆಟ್ರೂ ಬರುತ್ತೆ." ಚಿಕ್ಕಮಗಳೂರಾಗಲಿ ಹಾಸನವಾಗಲಿ, ರಸ್ತೆ ಬದಿಯ ಯಾವ ನರ್ಸರಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಅದರಲ್ಲಿ ಅರ್ಧ ನಿಜವಿದೆ. ಎರಡೂ ಊರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದ ಆಸುಪಾಸಿನಲ್ಲಿವೆ. ಡಿಸೆಂಬರ್, ಜನವರಿಯ ರಾತ್ರಿ 13–15 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಸಾಮಾನ್ಯವಾಗಿ 32–34. ಗಿಡ ಹೆಪ್ಪುಗಟ್ಟುವ ಚಳಿ ಇಲ್ಲ, ಎಲೆ ಸುಡುವ ರಾಯಚೂರಿನ ಬಿಸಿಲೂ ಇಲ್ಲ.

ಉಳಿದರ್ಧವನ್ನು ನರ್ಸರಿಯವರು ಹೇಳುವುದಿಲ್ಲ. ಕಡೂರು, ಅರಸೀಕೆರೆ ಕಡೆ ವರ್ಷಕ್ಕೆ 600–700 ಮಿಲಿಮೀಟರ್ ಮಳೆ ಬಿದ್ದರೆ, ಮೂಡಿಗೆರೆಯಲ್ಲಿ ಅದು 2,000 ದಾಟುತ್ತದೆ. ಕೊಪ್ಪ, ಶೃಂಗೇರಿಯಲ್ಲಿ ಇನ್ನೂ ಮೇಲೆ. ಗಾಳಿಯ ತಂಪು ಹೆಚ್ಚುಕಡಿಮೆ ಒಂದೇ, ಬೇರಿನ ಬುಡದಲ್ಲಿ ನಿಲ್ಲುವ ನೀರಿನ ಲೆಕ್ಕ ಮಾತ್ರ ಪೂರ್ತಿ ಬೇರೆ. ನಮ್ಮ ಕಡೆ ಅಲಂಕಾರಿಕ ಗಿಡಗಳು ಹೆಚ್ಚಾಗಿ ಸಾಯುವುದು ಚಳಿಗೋ ಸೆಖೆಗೋ ಅಲ್ಲ. ಪುಷ್ಯ, ಆಶ್ಲೇಷ ಮಳೆಯಲ್ಲಿ ಬೇರಿಗೆ ಗಾಳಿಯಾಡದೆ ಕೊಳೆತು ಸಾಯುತ್ತವೆ. ಅಲ್ಲಿ ಅರ್ಧ ಬೇರು ಕಳೆದುಕೊಂಡು ಹೇಗೋ ಬದುಕಿದವು ಫೆಬ್ರವರಿ, ಮಾರ್ಚಿನ ಒಣಹವೆಗೆ ಬಾಡುತ್ತವೆ. ಹಾಗಾಗಿ ಈ ವಿಮರ್ಶೆಯಲ್ಲಿ ಗಿಡವನ್ನೂ ಅದರ ಜೊತೆ ಮಾರುವ ಸರಕನ್ನೂ ಅಳೆಯುವುದು ಒಂದೇ ಕೋಲಿನಿಂದ: ಇದರ ಬೇರು ನಮ್ಮ ಮಳೆಗಾಲವನ್ನು ದಾಟುತ್ತದೆಯೇ?

ಅಂಗಡಿಗಳ ಹೆಸರು ಹಾಕಿಲ್ಲ. ಕಾರಣ ಸರಳ. ಇಲ್ಲಿ ಮಾರುವ ಗಿಡಗಳಲ್ಲಿ ಬಹಳಷ್ಟು ಇಲ್ಲಿ ಬೆಳೆದವೇ ಅಲ್ಲ. ಬೆಂಗಳೂರು, ಪುಣೆ, ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಇಳಿದ ಸರಕು. ಒಂದೇ ಅಂಗಡಿಯಲ್ಲಿ ಈ ವಾರ ಬಂದ ಲೋಡು ಚೆನ್ನಾಗಿರುತ್ತದೆ, ಮುಂದಿನ ವಾರದ್ದು ಕೆಟ್ಟದಾಗಿರುತ್ತದೆ. ಬೋರ್ಡು ನೋಡಿ ಕೊಳ್ಳುವುದಕ್ಕಿಂತ ಗಿಡ ನೋಡಿ ಕೊಳ್ಳುವುದನ್ನು ಕಲಿಯುವುದು ಮೇಲು.

ಮೊದಲು ಕವರ್ ಎತ್ತಿ ನೋಡಿ

ಹೂ ನೋಡಬೇಡಿ. ಕವರ್ ಅಥವಾ ಪಾಟನ್ನು ಕೈಯಲ್ಲಿ ಎತ್ತಿ ತೂಗಿ. ಎಂಟಿಂಚಿನ ಕವರ್ ಕಲ್ಲಿನಷ್ಟು ಭಾರವಿದ್ದರೆ ಒಳಗಿರುವುದು ಜೇಡಿಮಣ್ಣು. ಕವರಿನ ಪಕ್ಕ ಒತ್ತಿ. ಬೆರಳು ಒಳಗೆ ಹೋಗದಿದ್ದರೆ ಅನುಮಾನವೇ ಬೇಡ. ದೂರದಿಂದ ಬರುವ ಗಿಡಗಳಿಗೆ ಬೇರಿನ ಸುತ್ತ ಜೇಡಿಮಣ್ಣಿನ ಉಂಡೆ ಕಟ್ಟುವುದು ಸಾಗಾಟಕ್ಕೆ ಅನುಕೂಲ, ಒಡೆಯುವುದಿಲ್ಲ, ನಾಲ್ಕು ದಿನ ನೀರು ಹಾಕದಿದ್ದರೂ ನಡೆಯುತ್ತದೆ. ಅದೇ ಉಂಡೆಯನ್ನು ನಮ್ಮ ಸಡಿಲ ಕೆಮ್ಮಣ್ಣಿನಲ್ಲಿ ಹಾಗೇ ಹೂತರೆ ಏನಾಗುತ್ತದೆ? ಮಳೆಗಾಲದಲ್ಲಿ ಸುತ್ತಲಿನ ಮಣ್ಣು ನೀರು ಬಸಿದರೂ ಉಂಡೆ ಮಾತ್ರ ನೆನೆದೇ ಇರುತ್ತದೆ. ಬೇಸಿಗೆಯಲ್ಲಿ ಉಂಡೆ ಬಿರುಕು ಬಿಟ್ಟು ಗಟ್ಟಿಯಾಗಿ, ಹಾಕಿದ ನೀರೆಲ್ಲ ಪಕ್ಕದ ಮಣ್ಣಿಗೆ ಇಳಿದು ಹೋಗುತ್ತದೆ. ಬೇರು ಉಂಡೆಯಿಂದ ಹೊರಗೆ ಬರುವುದೇ ಇಲ್ಲ. ಎರಡು ವರ್ಷದ ಹಿಂದೆ ನೆಟ್ಟ ಗಿಡ ಕಿತ್ತಾಗ ಉಂಡೆ ಹಾಗೇ ಇರುವುದನ್ನು ತೋಟದ ಕೆಲಸ ಮಾಡುವವರು ಎಷ್ಟೋ ಸಲ ನೋಡಿರುತ್ತಾರೆ.

ಇಂಥ ಗಿಡ ಬೇಕೇ ಬೇಕೆಂದರೆ ಜೂನ್, ಜುಲೈನ ಮೋಡದ ದಿನಗಳಲ್ಲಿ ಕೊಳ್ಳಿ. ಕವರ್ ಹರಿದು ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಮುಳುಗಿಸಿಡಿ. ಆಮೇಲೆ ನೀರಿನಲ್ಲೇ ಅಲ್ಲಾಡಿಸಿ, ಬೆರಳಿನಿಂದ ಜೇಡಿಯನ್ನು ಬಿಡಿಸಿ. ಮೂರರಲ್ಲಿ ಎರಡು ಪಾಲು ಹೋದರೆ ಸಾಕು. ಬೇರು ಕಳೆದಷ್ಟೇ ಮೇಲಿನ ಕೊಂಬೆಯನ್ನೂ ಕತ್ತರಿಸಬೇಕು, ಸುಮಾರು ಮೂರನೇ ಒಂದು ಭಾಗ. ಹೊಸ ಮಿಶ್ರಣಕ್ಕೆ ನೆಟ್ಟು ಹತ್ತು ಹದಿನೈದು ದಿನ ನೆರಳಲ್ಲಿಡಿ. ಬೋಗನ್‌ವಿಲ್ಲಾಗೆ ಮಾತ್ರ ಇದನ್ನು ಮಾಡಬಾರದು. ಅದರ ಬೇರು ಮುಟ್ಟಿದರೆ ಮುರಿಯುತ್ತದೆ. ಜೇಡಿ ಉಂಡೆಯಲ್ಲಿ ಬಂದ ಬೋಗನ್‌ವಿಲ್ಲಾವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕವರಿನ ತಳದ ತೂತಿನಿಂದ ದಪ್ಪ ಬೇರು ಹೊರಬಂದು ನೆಲಕ್ಕೆ ಇಳಿದಿದ್ದರೆ ಗಿಡ ಅಲ್ಲೇ ಬಹಳ ಕಾಲ ಕೂತಿದೆ ಎಂದರ್ಥ. ಎತ್ತುವಾಗ ಆ ಬೇರು ಕಿತ್ತುಹೋಗುತ್ತದೆ, ಮನೆಗೆ ತಂದ ಮೂರನೇ ದಿನ ಗಿಡ ಜೋಲುತ್ತದೆ. ಒಳಗೆ ಬೇರು ಸುತ್ತಿ ಸುತ್ತಿ ಬೆಳೆದಿದ್ದರೆ ನೆಡುವ ಮೊದಲು ಬ್ಲೇಡಿನಿಂದ ಉಂಡೆಯ ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಮೂರು ನಾಲ್ಕು ಗೀರು ಹಾಕಿ, ಒಂದು ಸೆಂಟಿಮೀಟರ್ ಆಳ. ಇಲ್ಲದಿದ್ದರೆ ನೆಲದಲ್ಲೂ ಬೇರು ಅದೇ ಸುತ್ತು ಹಾಕುತ್ತದೆ. ಒಳ್ಳೆಯ ಬೇರು ಬೆಳ್ಳಗೆ ಅಥವಾ ತಿಳಿ ಕಂದು ಬಣ್ಣಕ್ಕಿದ್ದು ಗಟ್ಟಿಯಾಗಿರುತ್ತದೆ. ಕಪ್ಪಾಗಿ, ಎಳೆದರೆ ಸಿಪ್ಪೆ ಜಾರಿ ನೂಲಿನಂಥ ನಾರು ಉಳಿದರೆ ಅದು ಬೇರುಕೊಳೆ.

ಚೀಲದ ಪಾಟಿಂಗ್ ಮಿಕ್ಸ್, ಕೋಕೋಪೀಟ್

ರೆಡಿಮೇಡ್ ಪಾಟಿಂಗ್ ಮಿಕ್ಸ್ ಚೀಲಗಳಿಗೆ ನಮ್ಮ ಅಂಕ ಕಡಿಮೆ. ಚೀಲ ಹಗುರ, ಕೈ ಕೊಳೆಯಾಗುವುದಿಲ್ಲ, ಬೆಂಗಳೂರಿನ ಫ್ಲಾಟಿನ ಬಾಲ್ಕನಿಗೆ ಸರಿ. ಒಳಗೆ ಹೆಚ್ಚಿನ ಪಾಲು ಕೋಕೋಪೀಟ್. ತೆಂಗಿನ ನಾರಿನ ಈ ಪುಡಿ ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿದಿಡುತ್ತದೆ. ಮಾಡಿನ ಕೆಳಗೆ ಅದು ಗುಣ. ಜಡಿಮಳೆಗೆ ಬಿಟ್ಟ ಪಾಟಿನಲ್ಲಿ ದೋಷ. ಆಲ್ದೂರು, ಮೂಡಿಗೆರೆ, ಸಕಲೇಶಪುರದಲ್ಲಿ ಅಂಗಳಕ್ಕಿಡುವ ಪಾಟಿಗೆ ಈ ಮಿಶ್ರಣವನ್ನು ಹಾಗೇ ತುಂಬಿದರೆ ಜುಲೈನಲ್ಲಿ ಗಿಡದ ಬುಡ ಕೊಳೆಯುತ್ತದೆ.

ಕೋಕೋಪೀಟ್ ಇಟ್ಟಿಗೆಯನ್ನು ಬೇರೆಯಾಗಿ ಕೊಳ್ಳುವುದು ಲೇಸು. 5 ಕೆಜಿ ಇಟ್ಟಿಗೆ ನೆನೆದರೆ ಸುಮಾರು 70 ಲೀಟರ್ ಆಗುತ್ತದೆ. ಅಗ್ಗದ ಇಟ್ಟಿಗೆಗಳಲ್ಲಿ ಉಪ್ಪಿನಂಶ ಜಾಸ್ತಿ. ನೆಟ್ಟ ಒಂದೆರಡು ವಾರದಲ್ಲಿ ಎಲೆಯ ತುದಿ, ಅಂಚು ಕಂದಾಗಿ ಸುಟ್ಟಂತಾದರೆ ಕಾರಣ ಇದೇ ಇರಬಹುದು. ರಾತ್ರಿಯಿಡೀ ನೆನೆಸಿ, ಗೋಣಿಗೆ ಸುರಿದು ನೀರು ಬಸಿಯಿರಿ. ಮತ್ತೆ ನೀರು ತುಂಬಿ ಬಸಿಯಿರಿ, ಒಟ್ಟು ಮೂರು ಸಲ. ನೀರಿನ ಬಣ್ಣ ತಿಳಿಯಾಯಿತೆಂದು ನಿಲ್ಲಿಸಬೇಡಿ; ಬಣ್ಣ ಬರುವುದು ನಾರಿನ ಒಗರಿನಿಂದ, ಉಪ್ಪು ಕಣ್ಣಿಗೆ ಕಾಣುವುದಿಲ್ಲ.

ಮಳೆಗೆ ತೆರೆದಿರುವ ಪಾಟಿಗೆ ನಾವು ಒಪ್ಪುವ ಮಿಶ್ರಣ, ಬಾಂಡಲಿ ಲೆಕ್ಕದಲ್ಲಿ: ಜರಡಿ ಹಿಡಿದ ಕೆಮ್ಮಣ್ಣು ಎರಡು, ದಪ್ಪ ಹೊಳೆಮರಳು ಅಥವಾ ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು ಒಂದು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು, ಸುಟ್ಟ ಭತ್ತದ ಹೊಟ್ಟು ಒಂದು. ಇಷ್ಟಕ್ಕೆ ಎರಡು ಹಿಡಿ ಬೇವಿನ ಹಿಂಡಿ. ಅರಸೀಕೆರೆ, ಕಡೂರು ಕಡೆಯಾದರೆ ಹೊಟ್ಟಿನ ಬದಲು ತೊಳೆದ ಕೋಕೋಪೀಟ್ ಹಾಕಿ, ಅಲ್ಲಿ ನೀರು ಹಿಡಿದಿಡುವುದೇ ಮುಖ್ಯ. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಧೂಳು ತೆಗೆಯಿರಿ. ಆ ಧೂಳು ಮಣ್ಣಿನ ಸಂದುಗಳನ್ನು ತುಂಬಿ ಸಿಮೆಂಟಿನ ಹಾಗೆ ಕೂರುತ್ತದೆ. ಕಾಫಿ ಸಿಪ್ಪೆ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಹಸಿಯದ್ದನ್ನು ಪಾಟಿಗೆ ಹಾಕಿದರೆ ಅದು ಕಳಿಯುವಾಗ ಕಾವು ಏರಿ ಬೇರು ಬೇಯುತ್ತದೆ, ಮಣ್ಣಿನ ಸಾರಜನಕವನ್ನೂ ಅದೇ ತಿನ್ನುತ್ತದೆ. ಗುಂಡಿಯಲ್ಲಿ ಸಗಣಿ ಜೊತೆ ಕಳಿತು, ಕೈಯಲ್ಲಿ ಹಿಡಿದರೆ ಮಣ್ಣಿನ ವಾಸನೆ ಬರುವಂತಾದ ಮೇಲೆ ಬಳಸಿ.

ಪಾಟಿನ ತಳಕ್ಕೆ ಜಲ್ಲಿ ತುಂಬಿದರೆ ನೀರು ಬಸಿಯುತ್ತದೆ ಎಂದು ನರ್ಸರಿಯವರು ಜಲ್ಲಿಯನ್ನೂ ಮಾರುತ್ತಾರೆ. ಕೊಳ್ಳಬೇಡಿ. ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆನೆದ ಮೇಲಷ್ಟೇ ತೊಟ್ಟಿಕ್ಕುತ್ತದೆ. ಅಂದರೆ ಸದಾ ಹಸಿಯಿರುವ ಪದರ ಜಲ್ಲಿಯ ಎತ್ತರದಷ್ಟು ಮೇಲೆದ್ದು ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಬೇಕಾದದ್ದು ತೂತಿನ ಮೇಲೆ ಉಬ್ಬು ಮೇಲ್ಮುಖವಾಗಿ ಕವುಚಿದ ಒಂದು ಹಂಚಿನ ಚೂರು. ಪಾಟನ್ನು ಸಿಮೆಂಟ್ ನೆಲಕ್ಕೆ ಅಂಟಿಸದೆ ಎರಡು ಇಟ್ಟಿಗೆ ತುಂಡಿನ ಮೇಲೆ ಕೂರಿಸಿ, ತಳದ ತೂತು ತೆರೆದಿರಲಿ. ತುಂಬಿದ ಮೇಲೆ ಒಂದು ಲೀಟರ್ ನೀರು ಸುರಿದು ನೋಡಿ. ಒಂದು ನಿಮಿಷದೊಳಗೆ ಮೇಲೆ ನಿಂತ ನೀರೆಲ್ಲ ಇಳಿದುಹೋಗಬೇಕು. ನಿಂತರೆ ಮಿಶ್ರಣ ಕೆಟ್ಟಿದೆ, ನೆಡುವ ಮೊದಲೇ ಸರಿಮಾಡಿ.

ಹೈಡ್ರೇಂಜಿಯ: ಕಣ್ಮುಚ್ಚಿ ಕೊಳ್ಳಬಹುದು, ಬಣ್ಣದ ಮಾತು ನಂಬಬೇಡಿ

ನಮ್ಮ ಹವೆಗೆ ಹೇಳಿ ಮಾಡಿಸಿದ ಗಿಡ ಇದು. ಕಾಫಿ ಎಸ್ಟೇಟಿನ ಹಳೆಯ ಬಂಗಲೆಗಳ ಅಂಗಳದಲ್ಲಿ ಸಾಲು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. "ಇದು ನೀಲಿ ವೆರೈಟಿ, ಇದು ಪಿಂಕ್ ವೆರೈಟಿ" ಎಂದು ಬೇರೆ ಬೇರೆ ಬೆಲೆ ಹೇಳಿದರೆ ಮಾತ್ರ ಒಪ್ಪಬೇಡಿ. ಬಿಳಿ ಬಿಟ್ಟರೆ ಸಾಮಾನ್ಯ ಹೈಡ್ರೇಂಜಿಯದ ಬಣ್ಣ ಗಿಡದಲ್ಲಿರುವುದಕ್ಕಿಂತ ಮಣ್ಣಿನಲ್ಲಿರುತ್ತದೆ. ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಕ್ಕಿ ಹೂ ನೀಲಿಯಾಗುತ್ತದೆ, 6.5 ದಾಟಿದರೆ ಅದೇ ಗಿಡ ಗುಲಾಬಿ ಬಣ್ಣ ಬಿಡುತ್ತದೆ. ನಡುವೆ ನೇರಳೆ, ಕೆಲವೊಮ್ಮೆ ಒಂದೇ ಗೊಂಚಲಲ್ಲಿ ಎರಡೂ ಬಣ್ಣ. ಮಲೆನಾಡಿನ ಮಣ್ಣು ಹುಳಿ, ಹಾಗಾಗಿ ನೆಲಕ್ಕೆ ನೆಟ್ಟದ್ದು ತಾನಾಗಿ ನೀಲಿಗೆ ತಿರುಗುತ್ತದೆ. ಕಾಫಿಗೆ ಸುಣ್ಣ ಎರಚಿದ ಜಾಗದಲ್ಲಿ, ಸುಣ್ಣ ಬಳಿದ ಗೋಡೆಯ ಬುಡದಲ್ಲಿ, ಸಿಮೆಂಟ್ ಕಟ್ಟೆಯ ಪಕ್ಕದಲ್ಲಿ ನೆಟ್ಟದ್ದು ಪಿಂಕ್ ಆಗಿಯೇ ಉಳಿಯುತ್ತದೆ.

ನೀಲಿ ಬೇಕಾದರೆ ಪಟಿಕ ಸಾಕು. 15 ಗ್ರಾಂ ಪುಡಿಯನ್ನು ನಾಲ್ಕೈದು ಲೀಟರ್ ನೀರಿನಲ್ಲಿ ಕರಗಿಸಿ, ಹೊಸ ಚಿಗುರು ಬಂದಾಗಿನಿಂದ ಮೊಗ್ಗು ಕಾಣುವವರೆಗೆ ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ಮಣ್ಣು ಮೊದಲೇ ಹಸಿಯಾಗಿರಲಿ. ಇದರ ಜೊತೆ ಡಿಎಪಿ, ಮೂಳೆ ಪುಡಿ ಹಾಕಿದರೆ ಪ್ರಯೋಜನವಿಲ್ಲ, ರಂಜಕ ಅಲ್ಯೂಮಿನಿಯಂ ಅನ್ನು ಹಿಡಿದು ಕೂರುತ್ತದೆ.

ಕೊಳ್ಳುವಾಗ ಒಂದೇ ಕಡ್ಡಿಯ ತುದಿಯಲ್ಲಿ ದೊಡ್ಡ ಹೂವಿರುವ ಗಿಡ ಬೇಡ. ಬುಡದಿಂದ ಮೂರು ನಾಲ್ಕು ಕಡ್ಡಿ ಎದ್ದಿರುವ, ಹೂವಿಲ್ಲದ ಗಿಡ ಆರಿಸಿ. ಬೆಳಗಿನ ಬಿಸಿಲು ಮೂರು ನಾಲ್ಕು ಗಂಟೆ, ಮಧ್ಯಾಹ್ನ ನೆರಳು. ಮಧ್ಯಾಹ್ನ ಎಲೆ ಜೋತರೆ ತಕ್ಷಣ ನೀರು ಸುರಿಯಬೇಡಿ; ಮಣ್ಣು ಹಸಿಯಿದ್ದರೂ ಈ ಗಿಡ ಬಿಸಿಲಿಗೆ ಜೋಲುತ್ತದೆ. ಸಂಜೆಗೂ ಏಳದಿದ್ದರೆ ಆಗ ನೀರು ಹಾಕಿ. "ಎಲೆ ಮಾತ್ರ ಬರುತ್ತೆ, ಹೂವಿಲ್ಲ" ಎಂಬ ದೂರಿಗೆ ಸಾಮಾನ್ಯ ಕಾರಣ ಜನವರಿಯಲ್ಲಿ ಚೊಕ್ಕವಾಗಿ ಕಟಾವು ಮಾಡಿರುವುದು. ಮುಂದಿನ ಹೂವಿನ ಮೊಗ್ಗು ಹಳೆಯ ಕಡ್ಡಿಯ ತುದಿಯಲ್ಲೇ ಕೂತಿರುತ್ತದೆ. ಕತ್ತರಿಸುವುದಾದರೆ ಹೂ ಬಾಡಿದ ಕೂಡಲೇ, ಹೂವಿನ ಕೆಳಗಿನ ದಪ್ಪ ಕಣ್ಣಿನ ಜೋಡಿಯವರೆಗೆ ಮಾತ್ರ.

ಅಜೇಲಿಯ, ಕ್ಯಾಮೆಲಿಯ: ನೀರು ನೋಡಿ ಕೊಳ್ಳಿ

ಇವೆರಡಕ್ಕೂ ಪಿಎಚ್ 4.5ರಿಂದ 5.5ರ ಹುಳಿಮಣ್ಣು ಬೇಕು. ಕ್ಯಾಮೆಲಿಯ ಚಹಾ ಗಿಡದ ಹತ್ತಿರದ ಸಂಬಂಧಿ, ಆ ಲೆಕ್ಕದಲ್ಲೇ ಯೋಚಿಸಿ. ಮಲೆನಾಡಿನ ಹೊಳೆ, ಮಳೆನೀರಿನಲ್ಲಿ ಚೆನ್ನಾಗಿ ಬರುತ್ತವೆ. ಹಾಸನ, ಕಡೂರು ಕಡೆ ಬೋರ್‌ವೆಲ್ ನೀರು ಹಾಕುವವರು ಮೊದಲು ತಮ್ಮ ನೀರು ಕಾಯಿಸುವ ಪಾತ್ರೆಯ ತಳ ನೋಡಲಿ. ಬಿಳಿ ಪೊರೆ ಕಟ್ಟಿದ್ದರೆ ಅದೇ ಸುಣ್ಣ ದಿನಾ ಪಾಟಿಗೂ ಹೋಗುತ್ತದೆ. ಆರೆಂಟು ತಿಂಗಳಲ್ಲಿ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ, ಸುಣ್ಣದಿಂದಾಗಿ ಬೇರಿಗೆ ದಕ್ಕುತ್ತಿಲ್ಲ. ಒಂದು ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ ಸಂಜೆ ಹೊತ್ತು ಎಲೆಗೆ ಹೊಡೆದರೆ ತಾತ್ಕಾಲಿಕವಾಗಿ ಹಸಿರಾಗುತ್ತದೆ (ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಪಾಟನ್ನು ಮಣ್ಣಿನ ಮೇಲೆ ಇಟ್ಟುಕೊಂಡು ಹೊಡೆಯಿರಿ). ಶಾಶ್ವತ ಪರಿಹಾರ ಮಾಡಿನ ನೀರನ್ನು ಡ್ರಮ್ಮಿಗೆ ಹಿಡಿದು ಅದನ್ನೇ ಹಾಕುವುದು. ಅದು ಆಗದಿದ್ದರೆ ಅಜೇಲಿಯ ಕೊಳ್ಳಬೇಡಿ.

ಹಳೆ ಹಳದಿ ಎಲೆಗೂ ಹೊಸ ಹಳದಿ ಎಲೆಗೂ ವ್ಯತ್ಯಾಸವಿದೆ. ಬುಡದ ಹಳೆಯ ಎಲೆ ನರಗಳ ನಡುವೆ ಹಳದಿಯಾದರೆ ಅದು ಮೆಗ್ನೀಷಿಯಂ ಕೊರತೆ, ಅನ್ನಭೇದಿಯಿಂದ ಏನೂ ಆಗದು.

ಅಜೇಲಿಯದ ಬೇರು ಕೂದಲಿನಷ್ಟು ಸಣ್ಣ, ಮೇಲಿನ ನಾಲ್ಕೈದು ಇಂಚಿನಲ್ಲೇ ಹರಡಿರುತ್ತದೆ. ಕವರಿನಲ್ಲಿ ಎಷ್ಟು ಆಳವಿತ್ತೋ ಅಷ್ಟೇ ಆಳಕ್ಕೆ ನೆಡಿ, ಕಾಂಡಕ್ಕೆ ಮಣ್ಣು ಏರಿಸಬೇಡಿ, ಬುಡ ಕೆದಕಬೇಡಿ. ಮಿಶ್ರಣ: ಮರದಡಿಯ ಕಳಿತ ದರಗು ಎರಡು ಪಾಲು, ತೊಳೆದ ಕೋಕೋಪೀಟ್ ಒಂದು, ದಪ್ಪ ಮರಳು ಒಂದು. ಕೆಡವಿದ ಮನೆಯ ಇಟ್ಟಿಗೆ ಚೂರು ಇದಕ್ಕೆ ಬೇಡ, ಅದಕ್ಕೆ ಅಂಟಿದ ಗಾರೆಯೇ ಸುಣ್ಣ. ಬೂದಿಯೂ ಬೇಡ.

ಗುಲಾಬಿ: ಯಾವಾಗ ಕೊಂಡಿರಿ ಎಂಬುದೇ ಮುಖ್ಯ

ಜೂನ್ ತಿಂಗಳಲ್ಲಿ ನರ್ಸರಿಗಳು ಗುಲಾಬಿ ಗಿಡಗಳನ್ನು ಮುಂದಿನ ಸಾಲಿಗೆ ಇಡುತ್ತವೆ. ಗುಲಾಬಿಗೆ ವರ್ಷದಲ್ಲೇ ಕೆಟ್ಟ ಸಮಯ ಅದು. ಎಲೆ ಸತತ ಏಳು ಗಂಟೆಗೂ ಹೆಚ್ಚು ಒದ್ದೆಯಾಗಿದ್ದರೆ ಕಪ್ಪುಚುಕ್ಕೆ ರೋಗದ ಬೀಜಾಣು ಮೊಳೆಯುತ್ತದೆ, ನಮ್ಮಲ್ಲಿ ಆರಿದ್ರಾ ಮಳೆಯಿಂದ ಮಖೆ ಮಳೆಯವರೆಗೆ ಎಲೆ ಒಣಗುವುದೇ ಕಷ್ಟ. ಹಸ್ತ, ಚಿತ್ತಾ ಮಳೆ ಇಳಿಮುಖವಾದ ಮೇಲೆ, ಅಕ್ಟೋಬರಿನಲ್ಲಿ ಕೊಳ್ಳಿ. ಇರುವ ಗಿಡಗಳ ಕಟಾವೂ ಆಗಲೇ. ಕತ್ತರಿಸಿದ ಆರೆಂಟು ವಾರಕ್ಕೆ ಹೂ, ಅಂದರೆ ಡಿಸೆಂಬರಿನ ಚಳಿಗೆ ಸರಿಯಾಗಿ ದೊಡ್ಡ ಹೂ ಸಿಗುತ್ತದೆ.

ಕಸಿ ಗಿಡದಲ್ಲಿ ಕಸಿಯ ಗಂಟು ಹುಡುಕಿ. ಗಂಟಿನ ಕೆಳಗಿನಿಂದ ಎದ್ದ ಚಿಗುರು ಬೇರುಗಿಡದ್ದು, ಅಂದರೆ ಕಸಿಗೆ ಬುಡವಾಗಿ ಬಳಸಿದ ಬೇರೆ ಗಿಡದ್ದು. ಅದು ಹುರುಪಾಗಿ ಬೆಳೆದು ಮೇಲಿನ ಕಸಿಯನ್ನು ಉಪವಾಸ ಕೆಡವುತ್ತದೆ. ಕತ್ತರಿಯಿಂದ ಕತ್ತರಿಸಿದರೆ ಮತ್ತೆ ಬರುತ್ತದೆ, ಬುಡದಿಂದ ಕೆಳಕ್ಕೆಳೆದು ಸೀಳಿ ಕೀಳಬೇಕು. ಮಳೆ ಹೆಚ್ಚಿರುವ ಕಡೆ ಗಂಟು ಮಣ್ಣಿನಿಂದ ಎರಡಿಂಚು ಮೇಲಿರಲಿ. ದಿನಕ್ಕೆ ಆರು ಗಂಟೆ ಬಿಸಿಲು ಸಿಗದ ಅಂಗಳಕ್ಕೆ ಹೈಬ್ರಿಡ್ ಗುಲಾಬಿ ಒಯ್ಯಬೇಡಿ. ರುದ್ರಾಕ್ಷಿ, ಎಡ್ವರ್ಡ್‌ನಂಥ ನಾಟಿ ಗುಲಾಬಿ ಕೇಳಿ, ಕಡ್ಡಿಯಿಂದಲೇ ಬರುತ್ತವೆ, ಮಳೆಯನ್ನೂ ತಾಳುತ್ತವೆ.

ಕಪ್ಪುಚುಕ್ಕೆಗೆ ನರ್ಸರಿಯಲ್ಲಿ ಸಣ್ಣ ಬಾಟಲಿಯ ಔಷಧಿ ಕೊಳ್ಳುವ ಅಗತ್ಯವೇ ಇಲ್ಲ. ಕಾಫಿ, ಮೆಣಸು, ಅಡಿಕೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣವೇ ಸಾಕು. ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಎರಡನ್ನೂ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಮಗ್ಗಿನಲ್ಲಿ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕುತ್ತಾ ಹೋಗಿ, ತಿರುವುಮುರುವು ಬೇಡ. ಆಕಾಶನೀಲಿ ಬಣ್ಣ ಬಂದ ಮೇಲೆ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವಿನ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ತುದಿಗೆ ತಾಮ್ರದ ಕೆಂಪು ಹತ್ತಿದ್ದರೆ ಇನ್ನೂ ತುತ್ತ ಉಳಿದಿದೆ, ಎಲೆ ಸುಡುತ್ತದೆ. ಚೂರು ಚೂರೇ ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ. ಅದೇ ದಿನ ಹೊಡೆದು ಮುಗಿಸಿ, ಉಳಿದದ್ದು ನಾಳೆಗೆ ಕೆಲಸಕ್ಕೆ ಬಾರದು. ಮೇ ಕೊನೆಯಲ್ಲಿ ಒಮ್ಮೆ, ಮಳೆ ಹೊಳವಾದಾಗ ಎಲೆ ಒಣಗಿರುವ ಹೊತ್ತು ನೋಡಿ ಇನ್ನೊಮ್ಮೆ, ಎಲೆಯ ಅಡಿಗೂ ತಾಗುವಂತೆ. ಪಕ್ಕದಲ್ಲಿ ಅಜೇಲಿಯ ಪಾಟಿದ್ದರೆ ದೂರ ಸರಿಸಿ, ಸುಣ್ಣ ಅದಕ್ಕೆ ಆಗದು. ಆಂಥೂರಿಯಂ ಮೇಲೂ ಬೀಳಬಾರದು, ತಾಮ್ರಕ್ಕೆ ಅದರ ಎಲೆ, ಹೂ ಕಲೆಯಾಗುತ್ತದೆ. ಉದುರಿದ ಚುಕ್ಕೆ ಎಲೆಗಳನ್ನು ಆರಿಸಿ ಸುಡದೆ ಬರೀ ಔಷಧಿ ಹೊಡೆದರೆ ಅರ್ಧ ಕೆಲಸ.

ಸೇವಂತಿಗೆ, ಪಾಯಿನ್ಸೆಟಿಯ: ಜಗಲಿಯ ದೀಪದ ದೂರು

ಪಾಟಿನ ತುಂಬ ಹೂವಿರುವ ಗಿಡ್ಡ ಸೇವಂತಿಗೆ ಮನಸ್ಸು ಸೆಳೆಯುತ್ತದೆ. ಅದನ್ನು ಬೆಳವಣಿಗೆ ತಡೆಯುವ ಔಷಧಿ ಕೊಟ್ಟು ಗಿಡ್ಡ ಮಾಡಿರುತ್ತಾರೆ. ಮುಂದಿನ ವರ್ಷ ಅದೇ ಗಿಡ ಎರಡಡಿ ಎತ್ತರಕ್ಕೆ ಹೋಗುತ್ತದೆ. ಮೋಸವಲ್ಲ, ಆದರೆ ತಿಳಿದು ಕೊಳ್ಳಿ.

ಎರಡನೇ ವರ್ಷ ಹೂ ಬರಲಿಲ್ಲ ಎಂದು ಗಿಡವನ್ನು ದೂರುವ ಮೊದಲು ಅದನ್ನಿಟ್ಟ ಜಾಗ ನೋಡಿ. ಸೇವಂತಿಗೆ, ಪಾಯಿನ್ಸೆಟಿಯ ಎರಡೂ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡಗಳು. ನಮ್ಮ ಅಕ್ಷಾಂಶದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ಇಷ್ಟು ಸಣ್ಣ ಬದಲಾವಣೆಯನ್ನು ಗುರುತಿಸುವ ಗಿಡಕ್ಕೆ ರಾತ್ರಿ ಹನ್ನೊಂದರವರೆಗೆ ಉರಿಯುವ ಜಗಲಿಯ ಎಲ್‌ಇಡಿ, ಗೇಟಿನ ಎದುರಿನ ಬೀದಿದೀಪ ಹಗಲನ್ನೇ ಮುಂದುವರಿಸಿದಂತೆ. ಸೆಪ್ಟೆಂಬರಿನಿಂದ ದೀಪ ಬೀಳದ ಮೂಲೆಗೆ ಪಾಟು ಸರಿಸಿದರೆ ಹೂ ಬರುತ್ತದೆ. ಸೇವಂತಿಗೆಯ ತುದಿ ಚಿವುಟುವುದನ್ನು ಜುಲೈ ಕೊನೆಗೆ ನಿಲ್ಲಿಸಿ.

ಡೇರೆ

ಮಲೆನಾಡಿನ ಮನೆಯಂಗಳಕ್ಕೆ ಡೇರೆಗಿಂತ ಒಪ್ಪುವ ಹೂ ಇನ್ನೊಂದಿಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಗೆಡ್ಡೆಯನ್ನು ಏಪ್ರಿಲ್, ಮೇನಲ್ಲಿ ಮಾರುತ್ತಾರೆ, ಕೊಳ್ಳುವಾಗ ಗಾತ್ರ ನೋಡಿ ಮೋಸ ಹೋಗಬೇಡಿ. ಡೇರೆ ಗೆಡ್ಡೆ ಆಲೂಗಡ್ಡೆಯಲ್ಲ, ಮೈಯಲ್ಲೆಲ್ಲ ಕಣ್ಣಿರುವುದಿಲ್ಲ. ಹಳೆಯ ಕಾಂಡ ಸೇರುವ ಕುತ್ತಿಗೆಯಲ್ಲಿ ಮಾತ್ರ ಕಣ್ಣು. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಮೊಳೆಯುವುದಿಲ್ಲ. ಕಾಂಡದ ಚೂರು ಅಂಟಿಕೊಂಡಿರುವ, ಕುತ್ತಿಗೆಯಲ್ಲಿ ಸಾಸಿವೆಗಾತ್ರದ ಗುಲಾಬಿ ಉಬ್ಬು ಕಾಣುವ ಗೆಡ್ಡೆ ಬೆರಳಷ್ಟಿದ್ದರೂ ಸಾಕು. ಏರಿಸಿದ ಪಾತಿಯಲ್ಲಿ ನಾಲ್ಕಿಂಚು ಆಳಕ್ಕೆ ಮಲಗಿಸಿ, ಮೊಳಕೆ ಮೇಲೆ ಬರುವವರೆಗೆ ನೀರು ಹಾಕಬೇಡಿ. ಊರುಗೋಲನ್ನು ಗೆಡ್ಡೆ ಇಡುವಾಗಲೇ ನೆಡಿ, ಆಮೇಲೆ ಚುಚ್ಚಿದರೆ ಗೆಡ್ಡೆಗೇ ತಾಗುತ್ತದೆ.

ಇನ್ನುಳಿದವು

ಆಂಥೂರಿಯಂ ಕೊಳ್ಳಬಹುದು. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ತುಂಡಿನಲ್ಲಿ ಬೆಳೆದದ್ದನ್ನು ಆರಿಸಿ, ಬರೀ ಮಣ್ಣಿನಲ್ಲಿದ್ದದ್ದು ಬೇಡ. ಎಲೆಯಂಚಿನಲ್ಲಿ ನೀರು ಹೀರಿದಂಥ ಕಲೆ, ಅದರ ಸುತ್ತ ಹಳದಿ ಉಂಗುರವಿದ್ದರೆ ದುಂಡಾಣು ರೋಗ. ಆ ಸಾಲಿನ ಯಾವ ಗಿಡವನ್ನೂ ಮುಟ್ಟಬೇಡಿ, ಮನೆಯಲ್ಲಿರುವುದಕ್ಕೂ ಹರಡುತ್ತದೆ, ಮದ್ದಿಲ್ಲ.

ಬೋಗನ್‌ವಿಲ್ಲಾ ಹಾಸನ, ಕಡೂರು, ಅರಸೀಕೆರೆಗೆ ಸರಿ. ಮೂಡಿಗೆರೆಯಲ್ಲಿ ಆರು ತಿಂಗಳು ಬರೀ ಎಲೆ. ಪೆಟೂನಿಯ, ಪ್ಯಾನ್ಸಿ ನವೆಂಬರಿನಿಂದ ಫೆಬ್ರವರಿಯವರೆಗಿನ ಅತಿಥಿಗಳು, ಅಷ್ಟಕ್ಕೆ ಬೆಲೆ ಕೊಡಿ. ಫ್ಯೂಷಿಯ ಊಟಿಯಲ್ಲಿ ನೋಡಿದಷ್ಟು ಚೆನ್ನಾಗಿ ಇಲ್ಲಿ ಏಪ್ರಿಲ್ ದಾಟುವುದು ಕಷ್ಟ. ಬಾಬಾಬುಡನಗಿರಿಯ ಎತ್ತರದಲ್ಲಿರುವವರು ಪ್ರಯತ್ನಿಸಬಹುದು. ಟ್ಯೂಲಿಪ್ ಗೆಡ್ಡೆ ಯಾರೂ ಕೊಳ್ಳಬೇಡಿ. ಅದಕ್ಕೆ ಮೂರು ತಿಂಗಳಿಗೂ ಹೆಚ್ಚು ಕಾಲ 9 ಡಿಗ್ರಿಗಿಂತ ಕೆಳಗಿನ ಚಳಿ ಬೇಕು, ಮುಳ್ಳಯ್ಯನಗಿರಿಯ ತುದಿಯಲ್ಲೂ ಅದು ಸಿಗದು. ಅದೇ ಹಣಕ್ಕೆ ಅಮರಿಲ್ಲಿಸ್ ಗೆಡ್ಡೆ ತಂದರೆ ಪ್ರತಿ ವರ್ಷ ಬೇಸಿಗೆಯ ಮೊದಲ ಮಳೆಗೆ ಹೂ ಬಿಡುತ್ತದೆ.

ಎರಡು ವಿಷಯದಲ್ಲಿ ಖಡಾಖಂಡಿತ ಬೇಡ ಎನ್ನುತ್ತೇವೆ. ಮೊದಲನೆಯದು, ನೆಲಹೊದಿಕೆ ಎಂದು ಮಾರುವ ಹಳದಿ ಹೂವಿನ ವೆಡೇಲಿಯ. ಗೆಣ್ಣು ತಾಗಿದಲ್ಲೆಲ್ಲ ಬೇರು ಬಿಟ್ಟು ಹಳ್ಳದ ದಂಡೆ, ತೋಟದ ಬದು, ಕಾಡಿನಂಚನ್ನು ನುಂಗುತ್ತದೆ. ಎರಡನೆಯದು, ಮೇ ತಿಂಗಳಲ್ಲಿ ಮರದ ತೊಗಟೆ ಸಮೇತ ಮಾರಾಟಕ್ಕೆ ಬರುವ ಸೀತಾಳೆ ದಂಡೆ ಎಂಬ ಆರ್ಕಿಡ್. ತೊಗಟೆ ಅಂಟಿಕೊಂಡಿದೆಯೆಂದರೆ ಕಾಡಿನಿಂದ ಕಿತ್ತದ್ದು. ಅದರ ಬೇರು ಹರಿದಿರುತ್ತದೆ, ಮನೆಯಲ್ಲಿ ಹೆಚ್ಚಿನವು ಬದುಕುವುದಿಲ್ಲ, ಕಾಡಿನಲ್ಲಿ ಅದು ಆ ಗಾತ್ರಕ್ಕೆ ಬರಲು ವರ್ಷಗಳೇ ಹಿಡಿದಿರುತ್ತವೆ. ಪಾಟಿನಲ್ಲಿ ಬೆಳೆಸಿದ ಡೆಂಡ್ರೋಬಿಯಂ ಆರ್ಕಿಡ್ ಸಿಗುತ್ತದೆ, ಅದನ್ನು ಕೊಳ್ಳಿ.

ಯಾವ ಗಿಡ ತಂದರೂ ಎರಡು ವಾರ ಬೇರೆ ಗಿಡಗಳಿಂದ ದೂರವಿಡಿ. ನರ್ಸರಿಯ ಮಣ್ಣಿನ ಜೊತೆ ಆಫ್ರಿಕನ್ ಬಸವನಹುಳುವಿನ ಮೊಟ್ಟೆಯೂ ಬರುತ್ತದೆ: ತಿಳಿ ಹಳದಿ, ಮೆಣಸಿನ ಕಾಳಿನ ಗಾತ್ರ, ಗುಂಪಾಗಿ. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಹುಳುಗಳು ಅಲ್ಲೇ ಸೇರಿರುತ್ತವೆ, ಕೈಗವಸು ಹಾಕಿ ಆರಿಸಿ ಉಪ್ಪುನೀರಿಗೆ ಹಾಕಿ. ಅಂಗಡಿಯಲ್ಲಿ ಕೊಡುವ ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ನಾಯಿ, ಕೋಳಿ ಇರುವ ಮನೆಗೆ ಬೇಡವೇ ಬೇಡ.

ನೆರಳು ಪರದೆಯಲ್ಲಿ ಹಸಿರಿಗಿಂತ ಕಪ್ಪು ಹೆಚ್ಚು ಬಾಳುತ್ತದೆ. ಹೆಚ್ಚಿನ ಗಿಡಕ್ಕೆ ಶೇ. 50, ಆಂಥೂರಿಯಂ ಮತ್ತು ಜರೀಗಿಡಕ್ಕೆ ಶೇ. 75. ಎಂಟಡಿಗಿಂತ ತಗ್ಗಿಗೆ ಕಟ್ಟಿದರೆ ಕೆಳಗೆ ಸೆಖೆ ನಿಲ್ಲುತ್ತದೆ. ಶೇ. 50ರ ಪರದೆಯನ್ನು ಜೂನಿನಲ್ಲಿ ಸುತ್ತಿಡಿ, ಮೋಡದ ಬೆಳಕೇ ಕಡಿಮೆ.

ನೆಟ್ಟು ಕೊಡುವ ಸೇವೆ

ಹೊಸ ಮನೆ, ಹೋಂಸ್ಟೇಗಳಿಗೆ ಗಾರ್ಡನ್ ಮಾಡಿಕೊಡುವವರು ಈಗ ಹಲವರಿದ್ದಾರೆ. ಕೆಲಸ ಚುರುಕು, ಒಪ್ಪ ಓರಣವೂ ಇರುತ್ತದೆ. ಸೋಲುವುದು ನೆಲದ ಕೆಳಗೆ. ಕಟ್ಟಡ ಮುಗಿದ ಜಾಗದ ಸಿಮೆಂಟ್, ಜಲ್ಲಿ, ಗಾರೆಯ ಮೇಲೆ ನಾಲ್ಕಿಂಚು ಕೆಮ್ಮಣ್ಣು ಹರಡಿ ಹುಲ್ಲು ಹಾಸುವುದು ಎಲ್ಲೆಡೆ ಕಾಣುವ ಅಭ್ಯಾಸ. ಒಪ್ಪಂದದಲ್ಲಿ ಮೂರು ಮಾತು ಬರೆಸಿ: ಒಂದೂವರೆ ಅಡಿ ಅಗೆದು ಕಟ್ಟಡದ ಕಸ ತೆಗೆಯಬೇಕು, ನೀರು ಮನೆಯಿಂದ ಆಚೆ ಹರಿಯುವಂತೆ ಹತ್ತಡಿಗೆ ಎರಡಿಂಚು ಇಳಿಜಾರು ಕೊಡಬೇಕು, ಸಿಲ್ವರ್ ಓಕ್, ಹಲಸಿನ ನೆರಳಿರುವ ಕಡೆ ಮೆಕ್ಸಿಕನ್ ಹುಲ್ಲಿನ ಬದಲು ಬಫಲೊ ಹುಲ್ಲು ಹಾಕಬೇಕು. ಬಿಸಿಲು ಬೇಡುವ ಮೆಕ್ಸಿಕನ್ ಹುಲ್ಲು ನೆರಳಿನಲ್ಲಿ ಒಂದು ಮಳೆಗಾಲಕ್ಕೆ ಪಾಚಿಯಾಗುತ್ತದೆ.

ಸತ್ತ ಗಿಡ ಬದಲಿಸಿ ಕೊಡುವ ಗ್ಯಾರಂಟಿ ಹೆಚ್ಚಾಗಿ ಒಂದು ತಿಂಗಳಿನದ್ದು. ಮಾರ್ಚಿನಲ್ಲಿ ನೆಟ್ಟ ಗಿಡಕ್ಕೆ ಅದರಿಂದ ಉಪಯೋಗವಿಲ್ಲ. ಮೇ ಕೊನೆಗೆ ನೆಡಿಸಿ, ಕೊಡುವ ಹಣದಲ್ಲಿ ಕಾಲುಭಾಗ ಉಳಿಸಿಕೊಂಡು, ಆಶ್ಲೇಷ ಮಳೆ ಕಳೆದು ಗಿಡ ಎಣಿಸಿದ ಮೇಲೆ ಕೊಡುವ ಮಾತಾಡಿ. ಬೇರಿನ ಮೇಲೆ ನಂಬಿಕೆಯಿರುವವರು ಇದಕ್ಕೆ ಒಪ್ಪುತ್ತಾರೆ.